ರಾತ್ರಿಯ ಎದೆಯುರಿಯೂ ನಿದ್ರಾಭಂಗವೂ

ಜ್ವರವಿಲ್ಲ, ಗಾಯವಿಲ್ಲ, ಹೊರಗಿನವರ ಕಣ್ಣಿಗೆ ಕಾಣುವ ಯಾವ ಲಕ್ಷಣವೂ ಇಲ್ಲ. ಆದರೂ ಮನುಷ್ಯನನ್ನು ದಿನದಿನಕ್ಕೆ ಕುಗ್ಗಿಸುವ ಉಪದ್ರವಗಳು ಕೆಲವುಂಟು. ರಾತ್ರಿಯ ಎದೆಯುರಿಯು ಅವುಗಳಲ್ಲಿ ಒಂದು. ಉಂಡು ಮಲಗಿ ಒಂದೆರಡು ತಾಸು ಕಳೆಯುವಷ್ಟರಲ್ಲಿ ಎದೆಯ ನಡುವಣ ಎಲುಬಿನ ಹಿಂದುಗಡೆ ಉರಿಯು ಎದ್ದು ಗಂಟಲಿನ ಕಡೆಗೆ ಏರುತ್ತದೆ; ಬಾಯಲ್ಲಿ ಹುಳಿನೀರು ಒಸರುತ್ತದೆ; ಕೆಲವು ಸಲ ಉಸಿರು ಸಿಕ್ಕಿಕೊಂಡಂತಾಗಿ ಕೆಮ್ಮುತ್ತ ಏಳಬೇಕಾಗುತ್ತದೆ. ಎದ್ದು ಕುಳಿತು, ಎರಡು ಗುಟುಕು ನೀರು ಕುಡಿದು, ತೇಗಿ, ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕಳೆದ ಮೇಲೆ ಉರಿ ಇಳಿಯುತ್ತದೆ. ಪುನಃ ಮಲಗಿದರೆ ಪುನಃ ಅದೇ ಕಥೆ. ಬೆಳಗಾಗುವಾಗ ಸ್ವರ ಒಡೆದಿರುತ್ತದೆ, ನಾಲಿಗೆ ಹುಳಿಯಾಗಿರುತ್ತದೆ, ಕಣ್ಣು ಭಾರವಾಗಿರುತ್ತದೆ.

ಇದನ್ನು ನಮ್ಮ ಹಿಂದಿನವರು ಪಿತ್ತವೆಂದೂ ಹುಳಿತೇಗೆಂದೂ ಕರೆದರು. ಈಗಿನವರು ‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತಿನಲ್ಲಿ ಹೊಟ್ಟೆಯ ಸಕಲ ಸಂಕಟಗಳನ್ನೂ ತುಂಬಿಬಿಡುತ್ತಾರೆ. ಹೆಸರು ಯಾವುದಾದರೇನು ಎಂದು ಕೇಳಬಹುದು. ಹೆಸರಿನಿಂದ ಕೇಡಿಲ್ಲ; ಹೊಟ್ಟೆಯಲ್ಲಿ ಆಮ್ಲವು ಮಿತಿಮೀರಿ ಹುಟ್ಟಿದೆ, ಅದನ್ನು ಅಡಗಿಸಿದರೆ ಸಾಕು ಎಂಬ ತಿಳುವಳಿಕೆಯು ಆ ಹೆಸರಿನೊಡನೆ ಸೇರಿಕೊಂಡು ಬಂದಿರುವುದೇ ಕೇಡು. ಈ ಬಾಧೆಯುಳ್ಳವರಲ್ಲಿ ಬಹುಮಂದಿಯ ಜಠರದಲ್ಲಿ ಹುಟ್ಟುವ ಆಮ್ಲವು ಇತರರದಕ್ಕಿಂತ ಹೆಚ್ಚೇನೂ ಅಲ್ಲ. ಅದು ಇರಬೇಕಾದ ಸ್ಥಳವನ್ನು ಬಿಟ್ಟು ಇರಬಾರದ ಸ್ಥಳಕ್ಕೆ ಬರುವುದೇ ಇಲ್ಲಿಯ ರೋಗ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಉಣ್ಣುವ ಹೊತ್ತೂ ಮಲಗುವ ರೀತಿಯೂ ಔಷಧದಷ್ಟೇ ಮುಖ್ಯವಾಗುವುದೇಕೆಂಬುದು ತಾನಾಗಿ ತಿಳಿದುಬರುವುದು.

ನಾವು ನುಂಗಿದ ತುತ್ತು ಸುಮಾರು ೨೫ ಸೆಂಟಿಮೀಟರು, ಎಂದರೆ ೧೦ ಅಂಗುಲ ಉದ್ದವಾದ ಅನ್ನನಾಳವೆಂಬ ಕೊಳವೆಯ ಮೂಲಕ ಇಳಿದು ಜಠರವನ್ನು ಸೇರುತ್ತದೆ. ಜಠರದಲ್ಲಿ ಊರುವ ರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆಯೆಂಬುದನ್ನು ಇಂಗ್ಲೆಂಡಿನ ವಿಲಿಯಂ ಪ್ರೌಟ್ ಎಂಬ ವೈದ್ಯರು ೧೮೨೪ರಲ್ಲಿ ಪ್ರಕಟಪಡಿಸಿದರು. ಈ ಆಮ್ಲವು ಶತ್ರುವಲ್ಲ. ಅನ್ನದೊಡನೆ ಒಳಹೊಕ್ಕ ರೋಗಾಣುಗಳನ್ನು ಅದು ಕೊಲ್ಲುತ್ತದೆ; ಪೆಪ್ಸಿನ್ ಎಂಬ ಪಾಚಕವಸ್ತುವಿನೊಡನೆ ಕೂಡಿ ಬೇಳೆ, ಮೀನು, ಮೊಟ್ಟೆ ಮೊದಲಾದವುಗಳ ಸಾರವನ್ನು ಬಿಡಿಸುತ್ತದೆ. ಇಷ್ಟು ತೀಕ್ಷ್ಣವಾದ ರಸವು ಜಠರವನ್ನೇ ಸುಡದಿರಲು ಕಾರಣವೇನೆಂದರೆ, ಅದರ ಒಳಗೋಡೆಗೆ ದಪ್ಪನಾದ ಲೋಳೆಯ ಲೇಪವಿರುವುದು. ಅನ್ನನಾಳಕ್ಕಾದರೋ ಅಂಥ ಕವಚವಿಲ್ಲ.

ಆದಕಾರಣ ಈ ಎರಡರ ಸಂಧಿಯಲ್ಲಿ ಮೂರು ನಾಲ್ಕು ಸೆಂಟಿಮೀಟರು ಉದ್ದದ ಸ್ನಾಯುವಿನ ಬಳೆಯೊಂದು ಏರ್ಪಟ್ಟಿದೆ. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯು ಹೊರಗಿನಿಂದ ಅದನ್ನು ಅಪ್ಪಿಕೊಂಡು ಬಲಕೊಡುತ್ತದೆ. ಕೆರೆಯ ತೂಬಿನ ಹಾಗೆ ಇದು ನುಂಗುವಾಗ ತೆರೆದು ಒಡನೆ ಮುಚ್ಚಿಕೊಳ್ಳಬೇಕು. ಆದರೆ ಹೊಟ್ಟೆ ಉಬ್ಬಿದಾಗ, ಒಳಗಿನ ಗಾಳಿಯನ್ನು ತೇಗಾಗಿ ಹೊರಬಿಡುವುದಕ್ಕೋಸ್ಕರ, ನುಂಗದಿರುವಾಗಲೂ ಇದು ಕೆಲವು ಕ್ಷಣ ಸಡಿಲವಾಗುವುದುಂಟು. ಆಗ ಗಾಳಿಯೊಡನೆ ಹುಳಿರಸವೂ ಮೇಲಕ್ಕೆ ನುಗ್ಗುತ್ತದೆ. ಆರೋಗ್ಯವಂತರಲ್ಲಿಯೂ ದಿನಕ್ಕೆ ಹಲವು ಸಲ ಹೀಗಾಗುತ್ತದೆ, ಅವರಿಗೆ ಗೊತ್ತಾಗುವುದಿಲ್ಲ. ಬಳೆ ಬಲಹೀನವಾದವರಿಗೂ, ಜಠರದ ಮೇಲ್ಭಾಗವು ವಪೆಯ ರಂಧ್ರದಿಂದ ಎದೆಯೊಳಕ್ಕೆ ಜಾರಿದವರಿಗೂ ಮಾತ್ರ ಇದು ಮೇಲಿಂದ ಮೇಲೆ ಆಗಿ ರೋಗವೆನಿಸುತ್ತದೆ.

ಹಾಗಾದರೆ ಹಗಲಿಗಿಂತ ರಾತ್ರಿಯಲ್ಲಿ ಬಾಧೆ ಹೆಚ್ಚೇಕೆ? ಹಗಲಿನಲ್ಲಿ ನಮಗೆ ಮೂರು ಕಾವಲುಗಳಿವೆ. ನಿಂತಿರುವಾಗಲೂ ಕುಳಿತಿರುವಾಗಲೂ ಮೇಲೆ ಬಂದ ರಸವು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಎಚ್ಚರವಿರುವಾಗ ನಾವು ನಮಗೇ ತಿಳಿಯದಂತೆ ನಿಮಿಷಕ್ಕೆ ಹೆಚ್ಚು ಕಡಿಮೆ ಒಂದು ಸಲ ಉಗುಳು ನುಂಗುತ್ತಿರುತ್ತೇವೆ. ಪ್ರತಿ ಸಲವೂ ಅನ್ನನಾಳದಲ್ಲಿ ಅಲೆಯೊಂದು ಎದ್ದು ಅಲ್ಲಿದ್ದುದನ್ನು ಕೆಳಕ್ಕೆ ಗುಡಿಸಿಬಿಡುತ್ತದೆ. ಉಗುಳಿನಲ್ಲಿರುವ ಬೈಕಾರ್ಬೊನೇಟ್ ಎಂಬ ಕ್ಷಾರವು ಅಂಟಿಕೊಂಡ ಹುಳಿಯನ್ನು ತೊಳೆದು ತಣ್ಣಗಾಗಿಸುತ್ತದೆ. ನಿದ್ರೆ ಹತ್ತಿತೆಂದರೆ ಈ ಮೂರೂ ಕಾವಲುಗಳು ಏಕಕಾಲದಲ್ಲಿ ಹೊರಟುಹೋಗುತ್ತವೆ. ದೇಹವು ಅಡ್ಡವಾಗಿರುವುದರಿಂದ ಜಠರವೂ ಅನ್ನನಾಳವೂ ಒಂದೇ ಮಟ್ಟದಲ್ಲಿರುತ್ತವೆ; ನುಂಗುವುದು ಬಹಳ ಅಪರೂಪವಾಗುತ್ತದೆ; ಉಗುಳು ಊರುವುದು ನಿಂತೇಹೋದಂತೆ. ಹಗಲಿನಲ್ಲಿ ಬೇಗನೆ ಇಳಿದುಹೋಗುತ್ತಿದ್ದ ರಸವು ರಾತ್ರಿಯಲ್ಲಿ ಬಹುಹೊತ್ತು ಅಲ್ಲಿಯೇ ನಿಲ್ಲುತ್ತದೆ. ಅನ್ನನಾಳದಲ್ಲಿ ಹುಣ್ಣಾಗುವುದಕ್ಕೂ, ರಸವು ಇನ್ನೂ ಮೇಲೇರಿ ಧ್ವನಿಪೆಟ್ಟಿಗೆಯನ್ನು ತಾಕಿ ಸ್ವರ ಒಡೆಯುವುದಕ್ಕೂ, ಒಣಕೆಮ್ಮು ಬಿಡದಿರುವುದಕ್ಕೂ, ಉಬ್ಬಸ ಕೆರಳುವುದಕ್ಕೂ ಇದೇ ಹೇತುವಾಗಬಹುದು. ಮೇಲಿನ ಹಲ್ಲುಗಳ ಒಳಮೈ ಸವೆದಿರುವುದನ್ನು ಕಂಡು ದಂತವೈದ್ಯರೇ ಈ ರೋಗವನ್ನು ಮೊದಲು ಗುರುತಿಸುವುದೂ ಉಂಟು.

ಎಲ್ಲರೂ ಉರಿಯಿಂದ ಎಚ್ಚತ್ತುಕೊಳ್ಳುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕೆಲವರಿಗೆ ನಿದ್ರೆಯು ಕ್ಷಣಮಾತ್ರ ಒಡೆದು ಕೂಡಿಕೊಳ್ಳುತ್ತದೆ. ಬೆಳಿಗ್ಗೆ ಅದರ ನೆನಪಿರುವುದಿಲ್ಲ. ಎಂಟು ತಾಸು ಮಲಗಿಯೂ ಆಯಾಸ ಪರಿಹಾರವಾಗಲಿಲ್ಲವಲ್ಲಾ ಎಂಬ ಬೇಸರ ಮಾತ್ರ ಉಳಿಯುತ್ತದೆ. ಇದಕ್ಕಿಂತಲೂ ವಿಚಿತ್ರವಾದುದೊಂದಿದೆ. ೨೦೦೭ರಲ್ಲಿ ಪ್ರಕಟವಾದ ಅಮೇರಿಕದ ಒಂದು ಪರೀಕ್ಷೆಯಲ್ಲಿ ಈ ರೋಗವುಳ್ಳವರನ್ನು ಒಂದು ರಾತ್ರಿ ಮೂರು ತಾಸಿಗಿಂತ ಹೆಚ್ಚು ಮಲಗಗೊಡದೆ, ಮರುದಿನ ಅವರ ಅನ್ನನಾಳಕ್ಕೆ ಸ್ವಲ್ಪ ಆಮ್ಲವನ್ನು ಬಿಟ್ಟು ನೋಡಿದರು. ಚೆನ್ನಾಗಿ ನಿದ್ರೆಮಾಡಿದ ದಿನಕ್ಕಿಂತ ಅಂದು ಉರಿಯು ಬೇಗನೆ ತಲೆದೋರಿತು, ತೀವ್ರವೂ ಆಗಿತ್ತು. ಎಂದರೆ ಉರಿಯು ನಿದ್ರೆಯನ್ನು ಕೆಡಿಸುತ್ತದೆ. ಕೆಟ್ಟ ನಿದ್ರೆಯು ಉರಿಯನ್ನು ಹೆಚ್ಚಿಸುತ್ತದೆ. ಪರೀಕ್ಷೆಯ ಕಾಲದಲ್ಲಿ ರಾತ್ರಿಯೆಲ್ಲ ಓದಿ, ನಿದ್ರೆ ಬಾರದಿರಲೆಂದು ಕಾಫಿಯ ಮೇಲೆ ಕಾಫಿ ಕುಡಿದು, ನಡುವೆ ಚಕ್ಕುಲಿಯ ಡಬ್ಬಿಯನ್ನೂ ಬರಿದುಮಾಡುವ ನಮ್ಮ ವಿದ್ಯಾರ್ಥಿನಿಯರು ಈ ಸುಳಿಗೆ ಬೀಳುವ ದಾರಿಯನ್ನು ತಾವೇ ಹಾಕಿಕೊಳ್ಳುತ್ತಿದ್ದಾರೆ.

ಇನ್ನು ಪರಿಹಾರದ ವಿಷಯ. ಮೊಟ್ಟಮೊದಲು ಬರತಕ್ಕದ್ದು ರಾತ್ರಿಯ ಊಟ. ಜಠರವು ಉಂಡದ್ದನ್ನು ಎಷ್ಟು ಹೊತ್ತು ಇಟ್ಟುಕೊಂಡಿರುತ್ತದೆಂಬುದನ್ನು ಮನುಷ್ಯನು ಕಣ್ಣಾರೆ ನೋಡಿದ ಕಥೆಯು ಸ್ವಾರಸ್ಯವಾದುದು. ೧೮೨೨ನೆಯ ಜೂನ್ ೬ರಂದು ಉತ್ತರ ಅಮೇರಿಕದ ಮ್ಯಾಕಿನಾ ಎಂಬ ದ್ವೀಪದ ಅಂಗಡಿಯೊಂದರಲ್ಲಿ ಬಂದೂಕು ಅಕಸ್ಮಾತ್ತಾಗಿ ಹಾರಿ, ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಯುವಕನ ಎಡಪಕ್ಕೆಯನ್ನು ಸೀಳಿತು. ಸೈನ್ಯದ ವೈದ್ಯರಾಗಿದ್ದ ವಿಲಿಯಂ ಬೋಮಾಂಟ್ ಎಂಬವರು ಅವನ ಪ್ರಾಣವನ್ನು ಉಳಿಸಿದರು. ಆದರೆ ಜಠರಕ್ಕೆ ಬಿದ್ದ ರಂಧ್ರವು ಮುಚ್ಚಲೇ ಇಲ್ಲ. ವೈದ್ಯರು ಆ ರಂಧ್ರದ ಮೂಲಕ ರೇಷ್ಮೆಯ ದಾರಕ್ಕೆ ಕಟ್ಟಿದ ಆಹಾರದ ತುಣುಕುಗಳನ್ನು ಇಳಿಬಿಟ್ಟು, ಆಗಾಗ ಎಳೆದು ನೋಡಿ, ಯಾವುದು ಎಷ್ಟು ಹೊತ್ತಿನಲ್ಲಿ ಕರಗುತ್ತದೆಂದು ಬರೆದಿಟ್ಟುಕೊಂಡರು. ೧೮೩೩ರಲ್ಲಿ ಅಚ್ಚಾದ ಅವರ ಪುಸ್ತಕದ ಪಟ್ಟಿಯಲ್ಲಿ ಬೇಯಿಸಿದ ಅಕ್ಕಿಗೆ ೧ ತಾಸು, ಕೊಬ್ಬಿನೊಡನೆ ಸುಟ್ಟ ಹಂದಿಮಾಂಸಕ್ಕೆ ೫ ತಾಸು ೧೫ ನಿಮಿಷ ಎಂದಿದೆ. ಕೋಪಗೊಂಡಾಗ ಜೀರ್ಣಕ್ರಿಯೆ ಕೆಡುವುದನ್ನೂ ಅವರು ಕಂಡರು. ಈ ಪರೀಕ್ಷೆಗಳಿಂದ ವೈದ್ಯರಿಗೆ ಕೀರ್ತಿ ಬಂದಿತು. ಬಡವನಾದ ಸೇಂಟ್ ಮಾರ್ಟಿನನಿಗೆ ಬಂದದ್ದು ಅಲ್ಪವೇ. ಅವನು ೧೮೨೫ರಲ್ಲಿ ಹೇಳದೆ ಊರಿಗೆ ಹೊರಟುಹೋದುದರಲ್ಲಿ ಆಶ್ಚರ್ಯವಿಲ್ಲ. ಮತ್ತೆ ಕರೆಸಲ್ಪಟ್ಟು ಅವನು ಪರೀಕ್ಷೆಗಳಿಗೆ ಒಳಗಾದನು, ೧೮೮೦ರವರೆಗೂ ಬದುಕಿದನು.

ಬೋಮಾಂಟರ ಲೆಕ್ಕಗಳನ್ನು ಈಗಿನವರು ಅಕ್ಷರಶಃ ಒಪ್ಪುವುದಿಲ್ಲ. ಆದರೆ ಜಿಡ್ಡು ಹೆಚ್ಚಿದಷ್ಟೂ ಜಠರವು ಬರಿದಾಗುವುದು ತಡವೆಂಬ ಮಾತು ನಿಂತಿದೆ. ಸಾಮಾನ್ಯವಾದ ಪೂರ್ಣ ಭೋಜನವು ಜಠರವನ್ನು ಬಿಟ್ಟುಹೋಗಲು ನಾಲ್ಕು ತಾಸಿನಷ್ಟು ಕಾಲ ಬೇಕು. ಆದುದರಿಂದಲೇ ಉಂಡಮೇಲೆ ಮೂರು ತಾಸಾದರೂ ಕಳೆಯದೆ ಮಲಗಬಾರದೆಂದು ವೈದ್ಯರು ವಿಧಿಸುತ್ತಾರೆ. ಹತ್ತು ಗಂಟೆಗೆ ಮಲಗುವವರು ಏಳು ಗಂಟೆಯೊಳಗೆ ಉಂಡಿರಬೇಕೆಂದಾಯಿತು.

ಈ ನಿಯಮವನ್ನು ಅಚ್ಚುಹಾಕುವುದು ಸುಲಭ. ನಮ್ಮ ಮನೆಗಳಲ್ಲಿ ನಡೆಯುವುದೇನು? ಮನೆಯೊಡತಿಯು ಮಕ್ಕಳಿಗೆ ಬಡಿಸಿ, ತಡವಾಗಿ ಬಂದ ಗಂಡಸರಿಗೆ ಬಡಿಸಿ, ಒಂಬತ್ತೂವರೆಗೋ ಹತ್ತಕ್ಕೋ ತಾನೊಬ್ಬಳೇ ಕುಳಿತು, ಉಳಿದ ಅನ್ನ ಕೆಟ್ಟುಹೋದೀತೆಂದು ಹಸಿವಿಗಿಂತ ಎರಡು ತುತ್ತು ಹೆಚ್ಚಾಗಿಯೇ ಉಣ್ಣುತ್ತಾಳೆ. ತರುವಾಯ ಪಾತ್ರೆ ತೊಳೆದು, ಬಗ್ಗಿ ನೆಲ ಒರಸಿ, ಹಾಲಿಗೆ ಹೆಪ್ಪುಹಾಕಿ, ಬೆನ್ನು ನೆಲಕ್ಕೆ ತಾಗಿದರೆ ಸಾಕೆಂದು ಮಲಗುತ್ತಾಳೆ. ಬೆಳಗಿನ ಜಾವದಲ್ಲಿ ಮೊದಲು ಏಳುವವಳೂ ಅವಳೇ. ಎದೆಯುರಿಗೆ ಬೇಕಾದ ಸಕಲ ಅನುಕೂಲಗಳೂ ಇಲ್ಲಿ ಕೂಡಿಬಂದಿವೆ. ಇಂಥವಳಿಗೆ ‘ಬೇಗ ಉಣ್ಣಮ್ಮ’ ಎಂದು ಹೇಳಿ ಕಳುಹಿಸುವ ವೈದ್ಯನು ಅರ್ಧ ಔಷಧವನ್ನು ಮಾತ್ರ ಕೊಟ್ಟಂತಾಯಿತು. ಏಕೆಂದರೆ ಅವಳ ಊಟದ ಹೊತ್ತು ಅವಳ ಕೈಯಲ್ಲಿಲ್ಲ. ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದೂ, ತಡವಾಗಿ ಬರುವವರು ಮುಚ್ಚಿಟ್ಟುದನ್ನು ತಾವೇ ಬಡಿಸಿಕೊಳ್ಳುವುದೂ ಇದಕ್ಕೆ ನಿಜವಾದ ಚಿಕಿತ್ಸೆ. ಅದು ಸಾಗದ ಮನೆಗಳಲ್ಲಿ ಆಕೆಯು ತನ್ನ ಮುಖ್ಯ ಆಹಾರವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡು, ಸಂಜೆ ಆರೂವರೆಯ ಸುಮಾರಿಗೆ ಅಡಿಗೆಯಾದೊಡನೆ ಸ್ವಲ್ಪ ಉಂಡುಬಿಡಬೇಕು. ಕಡೆಯಲ್ಲಿ ಇತರರೊಡನೆ ಒಂದು ಬಟ್ಟಲು ತಿಳಿಯಾದ ಗಂಜಿ ಕುಡಿದರೆ ಸಾಕು. ಬಗ್ಗುವ ಕೆಲಸವನ್ನು ಉಣ್ಣುವುದಕ್ಕೆ ಮುಂಚೆಯೂ, ನಿಂತುಮಾಡುವ ಕೆಲಸವನ್ನು ಉಂಡ ಮೇಲೆಯೂ ಇಟ್ಟುಕೊಳ್ಳುವುದು ಒಳ್ಳೆಯದು. ತುಂಬಿದ ಹೊಟ್ಟೆಯಲ್ಲಿ ಬಗ್ಗುವುದೆಂದರೆ ತುಂಬಿದ ಕೊಡವನ್ನು ಓರೆಮಾಡಿದಂತೆಯೇ ಸರಿ. ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟುವುದೂ ಹೊಟ್ಟೆಯನ್ನು ಅದುಮಿ ರಸವನ್ನು ಮೇಲಕ್ಕೆ ದೂಡುತ್ತದೆ. ಮಲಗುವ ಮುನ್ನ ಅದನ್ನು ಸಡಿಲಿಸತಕ್ಕದ್ದು.

ಮಲಗುವ ಬಗೆಯಲ್ಲಿ ಎರಡು ಮಾತು. ಒಂದು, ಎಡಮಗ್ಗುಲಾಗಿ ಮಲಗುವುದು. ಜಠರದ ದೊಡ್ಡ ಚೀಲವು ದೇಹದ ಎಡಗಡೆಗಿದೆ. ಎಡಮಗ್ಗುಲಾಗಿ ಮಲಗಿದಾಗ ರಸವು ಆ ಚೀಲದ ತಳದಲ್ಲಿ ನಿಲ್ಲುತ್ತದೆ, ಅನ್ನನಾಳದ ಬಾಯಿ ಅದಕ್ಕಿಂತ ಮೇಲಿರುತ್ತದೆ. ಬಲಮಗ್ಗುಲಾದರೆ ಬಾಯಿಯು ರಸದಲ್ಲಿ ಮುಳುಗಿರುತ್ತದೆ. ೨೦೨೨ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಮಲಗಿದವರ ಭಂಗಿಯನ್ನೂ ಅನ್ನನಾಳದ ಆಮ್ಲವನ್ನೂ ರಾತ್ರಿಯಿಡೀ ಅಳೆದು ನೋಡಿದಾಗ, ಆಮ್ಲವು ಮೇಲೆ ಬರುವ ಸಲಗಳು ಎಲ್ಲ ಭಂಗಿಗಳಲ್ಲಿಯೂ ಹೆಚ್ಚು ಕಡಿಮೆ ಒಂದೇ ಆಗಿದ್ದರೂ, ಎಡಮಗ್ಗುಲಿನಲ್ಲಿ ಅದು ಬಹುಬೇಗನೆ ಹಿಂದಿರುಗುವುದು ಕಂಡುಬಂದಿತು. ಕಾಸಿನ ಖರ್ಚಿಲ್ಲದ ಚಿಕಿತ್ಸೆಯಿದು.

ಎರಡನೆಯದು, ಹಾಸಿಗೆಯ ತಲೆಯ ಕಡೆಯನ್ನು ಎತ್ತರಿಸುವುದು. ಬಹಳ ಮಂದಿ ದಿಂಬಿನ ಮೇಲೆ ದಿಂಬನ್ನಿಟ್ಟು ಇದನ್ನು ಮಾಡಿದೆವೆಂದುಕೊಳ್ಳುತ್ತಾರೆ. ಅದರಿಂದ ಕತ್ತು ಬಾಗಿ, ದೇಹವು ಸೊಂಟದಲ್ಲಿ ಮಡಿಸಿದಂತಾಗಿ, ಹೊಟ್ಟೆಯ ಒತ್ತಡವು ಹೆಚ್ಚುತ್ತದೆಯೇ ಹೊರತು ಉಪಯೋಗವಿಲ್ಲ. ಎತ್ತರವು ಸೊಂಟದಿಂದಲೇ ಮೊದಲಾಗಿ ಕ್ರಮವಾಗಿ ಏರಬೇಕು. ಮಂಚದಲ್ಲಿ ಮಲಗುವವರು ತಲೆಯ ಕಡೆಯ ಎರಡು ಕಾಲುಗಳ ಅಡಿಯಲ್ಲಿ ೬ರಿಂದ ೮ ಅಂಗುಲ ಎತ್ತರದ ಮರದ ದಿಮ್ಮಿಗಳನ್ನಿಡಬೇಕು. ಕಾಲು ಜಾರದಂತೆ ದಿಮ್ಮಿಯ ಮೇಲ್ಮೈಯಲ್ಲಿ ಗುಳಿಯೊಂದನ್ನು ಕೊರೆಯಲು ಬಡಗಿಗೆ ಹೇಳಿದರೆ ಮಂಚವು ಅಲುಗದು. ಒಂದೆರಡು ರಾತ್ರಿ ಕೆಳಕ್ಕೆ ಜಾರಿದಂತೆನಿಸಿದರೂ ಬೇಗ ರೂಢಿಯಾಗುವುದು. ನೆಲದ ಮೇಲೆ ಚಾಪೆ ಹಾಸಿ ಮಲಗುವವರಿಗೆ ಪುಸ್ತಕಗಳಲ್ಲಿ ಯಾರೂ ಉಪಾಯ ಹೇಳಿದಂತೆ ಕಾಣೆ. ಅವರು ಹಾಸಿಗೆಯ ಅಡಿಯಲ್ಲಿ ಅಗಲವಾದ ಹಲಗೆಯೊಂದನ್ನು ತಲೆಯ ಕಡೆ ಎತ್ತರವಾಗುವಂತೆ ಇಟ್ಟಿಗೆಯ ಮೇಲೆ ಭದ್ರವಾಗಿ ನಿಲ್ಲಿಸಬಹುದು, ಇಲ್ಲವೆ ಜಮಖಾನೆ ಕಂಬಳಿಗಳನ್ನು ಮೆಟ್ಟಿಲಾಗದಂತೆ ಇಳಿಜಾರಾಗಿ ಮಡಿಸಿ ಹಾಸಬಹುದು. ಹಸುಗೂಸುಗಳಿಗೆ ಮಾತ್ರ ಈ ಯಾವ ವಿಧಿಯೂ ಸಲ್ಲದು. ಹಾಲು ಕಕ್ಕುವ ಕೂಸನ್ನೂ ಸಮವಾದ ಹಾಸಿಗೆಯಲ್ಲಿ ಅಂಗಾತವಾಗಿಯೇ ಮಲಗಿಸಬೇಕು.

ಪಥ್ಯದ ವಿಷಯದಲ್ಲಿ ಉದ್ದವಾದ ನಿಷೇಧಗಳ ಪಟ್ಟಿಯನ್ನು ಕೊಡುವುದು ನಮ್ಮ ಇಷ್ಟವಲ್ಲ. ಕರಿದ ತಿಂಡಿ, ಹೆಚ್ಚಾದ ಖಾರ, ಹುಣಸೆಹುಳಿ, ಟೊಮೇಟೊ, ಕಾಫಿ, ಚಾಕೊಲೇಟು, ಪುದೀನ ಇವು ಹಲವರಿಗೆ ಒಗ್ಗುವುದಿಲ್ಲ. ಆದರೆ ಒಬ್ಬರಿಗೆ ಒಗ್ಗದ್ದು ಇನ್ನೊಬ್ಬರಿಗೆ ಒಗ್ಗುತ್ತದೆ. ಎಲ್ಲವನ್ನೂ ಒಮ್ಮೆಗೇ ಬಿಟ್ಟು ಬರಿಯ ಮೊಸರನ್ನದಲ್ಲಿ ಸೊರಗುವುದಕ್ಕಿಂತ, ಎರಡು ವಾರ ಉಂಡದ್ದನ್ನೂ ಉಂಡ ಹೊತ್ತನ್ನೂ ಉರಿ ಎದ್ದ ಹೊತ್ತನ್ನೂ ಒಂದು ಕಾಗದದಲ್ಲಿ ಬರೆದಿಟ್ಟರೆ ತನ್ನ ವೈರಿ ಯಾವುದೆಂದು ಅವರವರಿಗೇ ತಿಳಿಯುವುದು. ಹೊಗೆಸೊಪ್ಪೂ ಮದ್ಯವೂ ಸ್ನಾಯುವಿನ ಬಳೆಯನ್ನು ಸಡಿಲಿಸುವುದರಿಂದ ಅವುಗಳಿಗೆ ಈ ವಿನಾಯಿತಿ ಇಲ್ಲ. ಮೈತೂಕ ಮಿತಿಮೀರಿದವರು ಅದನ್ನು ಇಳಿಸಿದರೆ ಉರಿಯೂ ಇಳಿಯುತ್ತದೆ. ಮಲಗುವಾಗ ಕುಡಿಯುವ ಹಾಲು ಮೊದಲು ತಂಪೆನಿಸಿದರೂ ತರುವಾಯ ಆಮ್ಲವನ್ನು ಹೆಚ್ಚಾಗಿ ಊರಿಸುತ್ತದೆ. ಅಡಿಗೆಯ ಸೋಡವನ್ನು ನೀರಿನಲ್ಲಿ ಕದಡಿ ಕುಡಿಯುವ ವಾಡಿಕೆಯೂ ಒಳ್ಳೆಯದಲ್ಲ. ಅದರ ಗಾಳಿಯು ಹೊಟ್ಟೆಯನ್ನು ಉಬ್ಬಿಸುತ್ತದೆ, ಅದರ ಲವಣಾಂಶವು ರಕ್ತದೊತ್ತಡವುಳ್ಳವರಿಗೆ ಕೆಡುಕು. ಗರ್ಭಿಣಿಯರಲ್ಲಿ ದೇಹದೊಳಗಿನ ರಸವ್ಯತ್ಯಾಸದಿಂದ ಬಳೆ ಸಡಿಲವಾಗಿ ಎದೆಯುರಿಯುಂಟಾಗುವುದು ಸಾಮಾನ್ಯ. ಹೆರಿಗೆಯ ತರುವಾಯ ಅದು ಬಹುಮಟ್ಟಿಗೆ ತಾನೇ ಹೋಗುತ್ತದೆ. ಅಷ್ಟರವರೆಗೆ ವೈದ್ಯರನ್ನು ಕೇಳದೆ ಯಾವ ಗುಳಿಗೆಯನ್ನೂ ನುಂಗತಕ್ಕದ್ದಲ್ಲ.

ಗುಳಿಗೆಗಳಿಂದ ಉಪಕಾರವಾಗಿಲ್ಲವೆಂದಲ್ಲ. ೧೯೭೬ರಲ್ಲಿ ಬ್ರಿಟನ್ನಿನಲ್ಲಿ ಸಿಮೆಟಿಡಿನ್ ಎಂಬ ಔಷಧವು ಬಳಕೆಗೆ ಬಂದಿತು; ಅದಕ್ಕೆ ಕಾರಣರಾದ ಜೇಮ್ಸ್ ಬ್ಲ್ಯಾಕ್ ಅವರಿಗೆ ೧೯೮೮ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಅದೇ ವರ್ಷ ಒಮೆಪ್ರಜೋಲ್ ಎಂಬ ಇನ್ನೂ ಬಲವಾದ ಔಷಧವು ಪೇಟೆಗೆ ಬಂದಿತು. ಜಠರದಲ್ಲಿ ಆಮ್ಲವನ್ನು ಹೊರಸೂಸುವ ಸೂಕ್ಷ್ಮ ಯಂತ್ರಗಳನ್ನೇ ಇದು ನಿಲ್ಲಿಸುತ್ತದೆ. ಆ ಯಂತ್ರಗಳು ಊಟದೊಡನೆ ಕೆಲಸಕ್ಕೆ ತೊಡಗುವುದರಿಂದ, ಉಣ್ಣುವುದಕ್ಕೆ ಅರ್ಧದಿಂದ ಒಂದು ತಾಸು ಮುಂಚೆ ಗುಳಿಗೆಯನ್ನು ತೆಗೆದುಕೊಳ್ಳಬೇಕು. ಉರಿ ಎದ್ದ ಮೇಲೆ ನಡುರಾತ್ರಿಯಲ್ಲಿ ಎದ್ದು ನುಂಗುವವರು ಅದರ ಪೂರ್ಣ ಫಲವನ್ನು ಕಾಣುವುದಿಲ್ಲ. ಔಷಧದ ಅಂಗಡಿಯಿಂದ ತಾವೇ ತಂದು ವರ್ಷಗಟ್ಟಲೆ ತಿನ್ನುವುದೂ ಸರಿಯಲ್ಲ, ತಟ್ಟನೆ ಬಿಡುವುದೂ ಸರಿಯಲ್ಲ. ತಟ್ಟನೆ ಬಿಟ್ಟರೆ ಕೆಲವು ವಾರ ಆಮ್ಲವು ಮೊದಲಿಗಿಂತ ಹೆಚ್ಚಾಗಿ ಊರಿ, ರೋಗ ಮರಳಿತೆಂಬ ಭ್ರಮೆ ಹುಟ್ಟುತ್ತದೆ. ಇದಲ್ಲದೆ, ನೋವಿನ ಗುಳಿಗೆ, ಕಬ್ಬಿಣಾಂಶದ ಗುಳಿಗೆ ಮುಂತಾದವುಗಳನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಒಡನೆ ಮಲಗಿದರೆ ಅವು ಅನ್ನನಾಳದಲ್ಲಿಯೇ ಅಂಟಿಕೊಂಡು ಸುಡುವುದುಂಟು. ಪೂರ್ತಿ ಒಂದು ಲೋಟ ನೀರು ಕುಡಿದು ಅರ್ಧ ತಾಸು ಕುಳಿತಿರಬೇಕು.

ಕಡೆಯದಾಗಿ, ಮನೆಯ ಚಿಕಿತ್ಸೆಯಲ್ಲಿ ಕಾಲಕಳೆಯಬಾರದ ಸಂದರ್ಭಗಳಿವೆ. ಎದೆಯಲ್ಲಿ ಒತ್ತಿದಂಥ ನೋವು ಬಂದು ತೋಳಿಗೋ ದವಡೆಗೋ ಬೆನ್ನಿಗೋ ಹರಡಿದರೆ, ತಣ್ಣನೆಯ ಬೆವರೂ ಏದುಸಿರೂ ಕೂಡಿಕೊಂಡರೆ, ಅದು ಹೃದಯಾಘಾತವಿರಬಹುದು. ಹೆಂಗಸರಲ್ಲಿ ಅದು ಬರಿಯ ಅಜೀರ್ಣದ ವೇಷದಲ್ಲಿ, ವಾಕರಿಕೆ ಆಯಾಸಗಳಾಗಿ ಬರುವುದೂ ಉಂಟಾದುದರಿಂದ, ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ನುಂಗಿದ ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಮರಿನಂಥ ಕಪ್ಪು ಮಲ, ಬಿಳಿಚಿಕೊಳ್ಳುವುದು ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತೋರಿಸಬೇಕು. ಅನೇಕ ವರ್ಷಗಳ ಉರಿಯಿಂದ ಅನ್ನನಾಳದ ಒಳಪದರವೇ ಮಾರ್ಪಟ್ಟು, ಅಪರೂಪವಾಗಿ ಅರ್ಬುದಕ್ಕೆ ದಾರಿಯಾಗುವುದುಂಟು. ಅಂಥವರನ್ನು ವೈದ್ಯರು ಎಂಡೊಸ್ಕೋಪು ಎಂಬ ಬಾಗುವ ಸಣ್ಣ ನಳಿಕೆಯನ್ನು ಬಾಯಿಯಿಂದ ಇಳಿಸಿ ನೋಡುತ್ತಾರೆ. ಹೆಸರು ಕೇಳಿಯೇ ಹೆದರಿ ವರ್ಷಗಳನ್ನು ದೂಡುವವರಿದ್ದಾರೆ. ಆದರೆ ಪರೀಕ್ಷೆಯು ಕೆಲವೇ ನಿಮಿಷಗಳದ್ದು. ಹಿಂದಿನ ರಾತ್ರಿಯಿಂದ ಏನೂ ತಿನ್ನದೆ ಬೆಳಿಗ್ಗೆ ಹೋದವರು ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳುತ್ತಾರೆ.